ಮೂರು ಬೆಲ್ಟ್ ಮತ್ತು ಒಂದು ತಗಡಿನ ತುಂಡು



ಈ ಸಲ ನನ್ನದೇ ಒಂದು ತಪ್ಪಿನ ಕಥೆ ಬರೆಯುತ್ತಿದ್ದೇನೆ. ನಡುವೆ ಸ್ವಲ್ಪ ಪುಲ್ಲಿ, ಬೇರಿಂಗ್, ಬೋಲ್ಟುಗಳ ಮಾತು ಬರುತ್ತದೆ. ಮನೆಯಲ್ಲಿ ಗಿರಣಿ, ಮೇವು ಕತ್ತರಿಸುವ ಯಂತ್ರ, ಪವರ್ ಟಿಲ್ಲರ್ ಇರುವವರಿಗೆ ಆ ಭಾಗ ಉಪಯೋಗಕ್ಕೂ ಬಂದೀತು.

ನಮ್ಮ ಊರು ಕಾಗವಾಡದ ಕಡೆ. ಅವ್ವನ ತವರುಮನೆ ಹರಿಪುರ. ಸಾಂಗ್ಲಿಗೆ ಹತ್ತಿಕೊಂಡೇ ಇರುವ ಊರು, ಕೃಷ್ಣಾ ಮತ್ತು ವಾರಣಾ ನದಿಗಳು ಕೂಡುವ ಜಾಗ. ಸಾಂಗ್ಲಿ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಹೆಸರಿನ ಹಿಂದೆ ಹರಿಪುರದ ನೆಲವೂ ಇದೆ. ನೆಲದೊಳಗೆ ಹಗೇವು ತೋಡಿ ಅರಿಶಿನ ತುಂಬಿಡುತ್ತಿದ್ದ ಊರು ಅದು. ನಾವು ಹಗೇವು ಅನ್ನುವುದನ್ನು ಅಲ್ಲಿಯ ಮರಾಠಿ ಜನ ಪೇವ ಅನ್ನುತ್ತಾರೆ.

ಮಾಮಾನದು ಅರಿಶಿನ ಪಾಲಿಶ್ ಮಾಡುವ ಸಣ್ಣ ಶೆಡ್. ಗದ್ದೆಯಿಂದ ಕಿತ್ತ ಅರಿಶಿನವನ್ನು ಬೇಯಿಸಿ, ಬಿಸಿಲಿಗೆ ಹರವಿ ಚೆನ್ನಾಗಿ ಒಣಗಿಸಿದ ಮೇಲೂ ಅದು ಸಂತೆಯಲ್ಲಿ ಕಾಣುವ ಅರಿಶಿನದಂತಿರುವುದಿಲ್ಲ. ಮೇಲೆಲ್ಲ ಒರಟು ಸಿಪ್ಪೆ, ಬೇರಿನ ತುಣುಕು. ಜಾಳಿಗೆಯ ದೊಡ್ಡ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿದರೆ ಕೊಂಬುಗಳು ಒಂದಕ್ಕೊಂದು ಉಜ್ಜಿಕೊಂಡು ಸಿಪ್ಪೆ ಉದುರಿ ಹೊಳಪು ಬರುತ್ತದೆ. ಆ ಡ್ರಮ್ ತಿರುಗಿಸಲು 3 ಎಚ್‌ಪಿ ಮೋಟರ್. ಮೋಟರಿನ 5 ಇಂಚಿನ ಪುಲ್ಲಿಯಿಂದ ಶಾಫ್ಟಿನ 18 ಇಂಚಿನ ಪುಲ್ಲಿಗೆ ಒಂದು ವಿ-ಬೆಲ್ಟ್, ಶಾಫ್ಟಿನಿಂದ ಡ್ರಮ್ಮಿಗೆ ಚೈನು.

ಹೋದ ಹಂಗಾಮಿನಲ್ಲಿ ಆ ಬೆಲ್ಟ್ ಮೂರು ಸಲ ಹೋಯಿತು. ಮೊದಲಿನದು ಹದಿನೈದು ದಿನ ಬಂತು, ಎರಡನೆಯದು ಎಂಟು ದಿನ, ಮೂರನೆಯದು ಐದೇ ದಿನ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಆ ಗತ್ತು ನನಗಿತ್ತು. ಮೊದಲನೆಯ ಬೆಲ್ಟ್ ಕೈಗೆ ತೆಗೆದುಕೊಂಡು ನೋಡಿದೆ. ಬದಿಗಳು ಗಾಜಿನಂತೆ ಹೊಳೆಯುತ್ತಿದ್ದವು, ಸುಟ್ಟ ರಬ್ಬರಿನ ವಾಸನೆ. ಅಂದರೆ ಬೆಲ್ಟ್ ಪುಲ್ಲಿಯ ಮೇಲೆ ಜಾರಿದೆ. ಜಾರಿದೆ ಅಂದರೆ ಭಾರ ಹೆಚ್ಚಾಗಿದೆ. ಭಾರ ಹೆಚ್ಚಾಗಿದೆ ಅಂದರೆ ಡ್ರಮ್ ತುಂಬುವವರದೇ ತಪ್ಪು. ನಾಲ್ಕು ನಿಮಿಷದಲ್ಲಿ ತೀರ್ಪು ಕೊಟ್ಟುಬಿಟ್ಟೆ.

ಡ್ರಮ್ ತುಂಬುವವರು ಒಬ್ಬ ಕಾಕಾ. ಇಪ್ಪತ್ತು ವರ್ಷದಿಂದ ಮಾಮಾನ ಹತ್ತಿರ ಇದ್ದಾರೆ. ವಯಸ್ಸಿನಲ್ಲಿ ಮಾಮಾನಿಗಿಂತ ದೊಡ್ಡವರು.

"ಇಲ್ಲೋ ತಮ್ಮಾ, ನಾ ಎಷ್ಟ ಬುಟ್ಟಿ ಹಾಕತಿದ್ನೆಲ್ಲಾ ಅಷ್ಟ ಹಾಕೇನಿ. ಆದ್ರ ಮಾಲ ಬಿದ್ದ ಕೂಡ್ಲೆ ಸಪ್ಪಳ ಬ್ಯಾರೆ ಬರತೈತಿ ನೋಡು" ಅಂದರು.

ಸಪ್ಪಳದ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯ ಬೆಲ್ಟ್ ಹೋದಾಗ ಮಾಮಾ ಸಿಟ್ಟಿಗೆದ್ದು ಅದರ ದುಡ್ಡನ್ನು ಕಾಕಾನ ವಾರದ ಪಗಾರದಲ್ಲಿ ಮುರಿದುಕೊಂಡರು. "ಹುಡುಗ ಓದಿದಾಂವ ಹೇಳಾಕತ್ತಾನ" ಅಂದರು. ಆ ಓದಿದ ಹುಡುಗ ಅಲ್ಲೇ ನಿಂತಿದ್ದೆ. ಏನೂ ಅನ್ನಲಿಲ್ಲ.

ಬೆಲ್ಟ್ ಮೇಲಿಂದ ಮೇಲೆ ಬದಲಿಸಬೇಕಾಗಿದ್ದರಿಂದ ಅದರ ಮೇಲಿನ ಜಾಳಿಗೆ ಬಿಚ್ಚಿ ಗೋಡೆಗೆ ಆನಿಸಿ ಇಟ್ಟಿದ್ದೆವು. ಮೂರನೆಯ ಬೆಲ್ಟ್ ಓಡುತ್ತಿರುವಾಗಲೇ ಮಗುಚಿ ಹೊರಗೆ ಹಾರಿತು. ಕಾಕಾನ ಮೊಣಕೈ ಕೆಳಗೆ ಚಾಟಿಯಿಂದ ಹೊಡೆದ ಹಾಗೆ ಒಂದು ಬಾಸುಂಡೆ. ಮುಖಕ್ಕೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು. ಅವರು ಕೈ ಹಿಡಿದುಕೊಂಡು ಕೂತು, ನೀರು ಕುಡಿದು, "ಏನ ಆಗಿಲ್ಲ ಬಿಡು" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಭಾನುವಾರ. ಮಿರಜಿನಲ್ಲಿ ಪೂಜೆ ಮುಗಿಸಿ ಬಂದಮೇಲೆ ಅಮೆರಿಕದ ಟೆಕ್ಸಾಸಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಅಣ್ಣನ ಮನೆ ಮುಂದೆ ದೊಡ್ಡ ಹುಲ್ಲುಹಾಸು. ಅದಕ್ಕೊಂದು, ಸಣ್ಣ ಟ್ರ್ಯಾಕ್ಟರಿನಂತೆ ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ ಇದೆ. ಅದರ ಹೊಟ್ಟೆಯ ಕೆಳಗೆ ತಟ್ಟೆಯಂಥ ಒಂದು ಭಾಗ, ಅದರಲ್ಲಿ ಅಲಗುಗಳು. ಎಲ್ಲ ಅಲಗುಗಳನ್ನೂ ಒಂದೇ ಉದ್ದನೆಯ ಬೆಲ್ಟ್ ತಿರುಗಿಸುತ್ತದೆ. ಅವನದೂ ಒಂದೇ ಬೇಸಿಗೆಯಲ್ಲಿ ಮೂರು ಬೆಲ್ಟ್ ತಿಂದಿತ್ತು.

"ನಾನೂ ಮೊದಲು ಬೆಲ್ಟೇ ಖರಾಬ್ ಅಂತ ಅಂಗಡಿ ಬದಲಿಸಿದೆ. ಆಮೇಲೆ ಬೆಲ್ಟ್ ಪೂರ್ತಿ ತೆಗೆದಿಟ್ಟು ಒಂದೊಂದೇ ಪುಲ್ಲಿ ಕೈಯಲ್ಲಿ ತಿರುಗಿಸಿದೆ. ಬೆಲ್ಟನ್ನು ಬಿಗಿ ಹಿಡಿಯುವ ಸಣ್ಣ ಪುಲ್ಲಿಯ ಬೇರಿಂಗು ಗರಗರ ಅಂತಿತ್ತು. ಬೆಲ್ಟ್ ಹಾಕಿದಾಗ ಅದು ಗೊತ್ತೇ ಆಗುತ್ತಿರಲಿಲ್ಲ. ಬೆಲ್ಟ್ ಸಾಯೋದು ಬೇರೆ ಯಾರದೋ ತಪ್ಪಿಗೆ ಕಣೋ. ಸತ್ತ ಬೆಲ್ಟ್ ಎಸೆಯಬೇಡ, ಎಲ್ಲ ಒಂದೆಡೆ ಇಟ್ಟು ನೋಡು" ಅಂದ.

ಪುಣ್ಯಕ್ಕೆ ಮೂರೂ ಬೆಲ್ಟ್ ಶೆಡ್ಡಿನ ಮೂಲೆಯಲ್ಲೇ ಬಿದ್ದಿದ್ದವು. ಸಾಲಾಗಿ ನೆಲಕ್ಕೆ ಹಾಸಿದೆ.

ಮೊದಲನೆಯದು ಹೊಳೆಯುವ ಬದಿಗಳದ್ದು. ಬೆಲ್ಟ್ ಜಾರಿದೆ ಎಂಬುದಕ್ಕೆ ಅದು ಸಾಕ್ಷಿ. ಏಕೆ ಜಾರಿತು ಎಂಬುದನ್ನು ಅದು ಹೇಳುವುದಿಲ್ಲ. ಭಾರ ಹೆಚ್ಚಾದರೂ ಜಾರುತ್ತದೆ, ಬೆಲ್ಟ್ ಸಡಿಲಾದರೂ ಜಾರುತ್ತದೆ. ನಾನು ಒಂದನ್ನೇ ಹಿಡಿದಿದ್ದೆ.

ಎರಡನೆಯದು ಒಂದೇ ಕಡೆ ಪಟ್ಟನೆ ತುಂಡಾಗಿತ್ತು, ಉಳಿದದ್ದೆಲ್ಲ ಹೊಸದರಂತೆ. ಅದನ್ನು ನೋಡಿ ನನ್ನ ಕಿವಿ ಬಿಸಿಯಾಯಿತು. ಮೋಟರ್ ಸರಿಸುವ ಬೇಸರಕ್ಕೆ ನಾನೇ ಟೈರ್ ಬಿಚ್ಚುವ ಕಬ್ಬಿಣದಿಂದ ಮೀಟಿ ಅದನ್ನು ಪುಲ್ಲಿಗೆ ಏರಿಸಿದ್ದೆ. ಹಾಗೆ ಮೀಟಿದಾಗ ಬೆಲ್ಟಿನ ಒಳಗಿನ ಎಳೆಗಳು ಹರಿಯುತ್ತವೆ, ಹೊರಗೆ ಕಾಣುವುದಿಲ್ಲ. ಕೆಲವು ದಿನ ಓಡಿ ಅದೇ ಜಾಗದಲ್ಲಿ ತುಂಡಾಗುತ್ತದೆ. ಕಾಕಾನ ಪಗಾರದಲ್ಲಿ ಮುರಿದದ್ದು ಈ ಬೆಲ್ಟಿನ ದುಡ್ಡೇ.

ಮೂರನೆಯದರ ಒಂದೇ ಬದಿ ಸವೆದಿತ್ತು. ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಹಾಗೆ ಆಗುತ್ತದೆ, ಬೆಲ್ಟ್ ಮಗುಚುವುದೂ ಅದಕ್ಕೇ.

ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಕೂತೆ. ಅಣ್ಣ ಹೇಳಿದಂತೆ ಪುಲ್ಲಿಗಳನ್ನು ಕೈಯಿಂದ ತಿರುಗಿಸಿದೆ. ನುಣ್ಣಗೆ ತಿರುಗಿದವು. ಪುಲ್ಲಿಯ ಗಾಡಿ ಪರೀಕ್ಷಿಸಿದೆ. ವಿ-ಬೆಲ್ಟ್ ಗಾಡಿಯ ಎರಡು ಬದಿಗಳನ್ನು ಅಪ್ಪಿ ಓಡಬೇಕು, ತಳಕ್ಕೆ ತಾಗಬಾರದು. ಗಾಡಿ ಸವೆದು ಅಗಲವಾದರೆ ಬೆಲ್ಟ್ ಕೆಳಗೆ ಕೂತು ತಳ ಹೊಳೆಯತೊಡಗುತ್ತದೆ. ನಮ್ಮದರ ತಳ ಮಂಕಾಗಿಯೇ ಇತ್ತು, ಅಂದರೆ ಅದೂ ಸರಿ. ಕೊನೆಗೆ ದಾರ ಎಳೆದು ನೋಡಿದೆ. ಎರಡೂ ಪುಲ್ಲಿಗಳ ಮೈಗೆ ಅಡ್ಡಲಾಗಿ ದಾರ ಬಿಗಿದರೆ ಅದು ನಾಲ್ಕು ಕಡೆ ತಾಗಬೇಕು. ನಾಲ್ಕೂ ಕಡೆ ತಾಗಿತು.

ಬೆಲ್ಟ್ ಹೇಳುವುದು ಸಾಲು ತಪ್ಪಿದೆ ಅಂತ, ದಾರ ಹೇಳುವುದು ಸಾಲು ಸರಿ ಇದೆ ಅಂತ. ಸಂಜೆಯಾಯಿತು, ನಾನು ಸೋತು ಕೂತೆ.

ಆಗ ನೆನಪಾಯಿತು, ಕಾಕಾನ ಮಾತು. ಮಾಲು ಬಿದ್ದ ಕೂಡಲೆ ಸಪ್ಪಳ ಬೇರೆ ಬರುತ್ತದೆ. ನಾನು ಅಳೆದದ್ದೆಲ್ಲ ಯಂತ್ರ ನಿಂತಿದ್ದಾಗ. ಬೆಲ್ಟ್ ಸಾಯುತ್ತಿದ್ದದ್ದು ಅದು ದುಡಿಯುವಾಗ.

ಮರುದಿನ ಕಾಕಾನ ಹತ್ತಿರ ಹೋಗಿ, "ಆ ಸಪ್ಪಳ ಎಲ್ಲಿಂದ ಬರತೈತಿ, ತೋರಸ್ರಿ ಕಾಕಾ" ಅಂದೆ. ಅವರು ಡ್ರಮ್ಮಿನ ಕಡೆಗಾಗಲಿ ಬೆಲ್ಟಿನ ಕಡೆಗಾಗಲಿ ಕೈ ತೋರಿಸಲಿಲ್ಲ. ಮೋಟರಿನ ಬುಡಕ್ಕೆ ತೋರಿಸಿದರು. ಹಳೆಯ ಬೆಲ್ಟ್ ಒಂದನ್ನು ಏರಿಸಿ, ಜಾಳಿಗೆ ಕೂಡಿಸಿ, ಅದರ ಹೊರಗೆ ಇಟ್ಟಿಗೆಯ ಮೇಲೆ ನನ್ನ ಮೊಬೈಲ್ ಇಟ್ಟು ಮೋಟರಿನ ಕಾಲುಗಳ ವಿಡಿಯೊ ಹಚ್ಚಿದೆ. ಖಾಲಿ ಡ್ರಮ್ ತಿರುಗಿಸಿದೆವು. ನಿಲ್ಲಿಸಿ, ಮಾಲು ತುಂಬಿ ಮತ್ತೆ ತಿರುಗಿಸಿದೆವು. ಆಮೇಲೆ ಇಬ್ಬರೂ ಬಾಗಿಲಲ್ಲಿ ಕೂತು ವಿಡಿಯೊ ನೋಡಿದೆವು. ಖಾಲಿ ಇದ್ದಾಗ ಮೋಟರ್ ಅಲುಗುತ್ತಿರಲಿಲ್ಲ. ಮಾಲು ಬಿದ್ದೊಡನೆ ಅದರ ಹಿಂದಿನ ಒಂದು ಕಾಲು ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಏಳುತ್ತಿತ್ತು. ಮೋಟರ್ ಸೊಟ್ಟಾಗಿ ಪುಲ್ಲಿಗಳ ಸಾಲು ತಪ್ಪುತ್ತಿತ್ತು, ಬೆಲ್ಟೂ ಸಡಿಲಾಗಿ ಜಾರುತ್ತಿತ್ತು. ನಿಲ್ಲಿಸಿದ ಕೂಡಲೇ ಕಾಲು ಮತ್ತೆ ಕೆಳಗೆ ಕೂತು, ಏನೂ ಆಗಿಯೇ ಇಲ್ಲ ಎನ್ನುವಂತೆ.

ಬೋಲ್ಟ್ ಬಿಚ್ಚಿದೆ. ಅರಿಶಿನದ ಹುಡಿ, ಎಣ್ಣೆ ಜಿಡ್ಡು ಕೆರೆದಾಗ ಆ ಕಾಲಿನ ಕೆಳಗಿಂದ ಕೆಂಪು ತುಕ್ಕಿನ ಪುಡಿ ಉದುರಿತು, ನಡುವೆ ಮಡಚಿದ ಡಬ್ಬಿ ತಗಡಿನ ಒಂದು ಚೂರು.

ಆ ತಗಡು ಇಟ್ಟವನು ನಾನೇ.

2019ರ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರ ಬಂದದ್ದು ಈ ಭಾಗದವರು ಯಾರೂ ಮರೆತಿಲ್ಲ. ಮಾಮಾನ ಶೆಡ್ಡಿಗೂ ನೀರು ಹೊಕ್ಕಿತ್ತು. ನೀರು ಇಳಿದ ಮೇಲೆ ಮೋಟರ್ ಒಣಗಿಸಿ ತಂದು ಕೂಡಿಸುವಾಗ ನೆಲ ಒಂದು ಮೂಲೆಯಲ್ಲಿ ಕುಸಿದಿತ್ತು, ಒಂದು ಕಾಲು ಅಂತರದಲ್ಲಿ ನಿಂತಿತ್ತು. ಆಗ ನನಗೆ ಹದಿನೈದು ವರ್ಷ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಕೆಳಗೆ ತೂರಿಸಿ ಬೋಲ್ಟ್ ಬಿಗಿದಿದ್ದೆ. "ಭಾಳ ಶ್ಯಾಣ್ಯಾ ಆಗಿ ಅಳಿಯಾ" ಅಂತ ಮಾಮಾ ಬೆನ್ನು ತಟ್ಟಿದ್ದರು. ಮಡಚಿದ ತಗಡು ವರ್ಷಗಳಲ್ಲಿ ತುಕ್ಕು ಹಿಡಿದು ಪುಡಿಯಾಗಿತ್ತು. ಬೋಲ್ಟ್ ಪಾನಾಕ್ಕೆ ಬಿಗಿಯಾಗಿಯೇ ಸಿಗುತ್ತಿತ್ತು, ಕೆಳಗೆ ಹಿಡಿಯಲು ಮಾತ್ರ ಏನೂ ಉಳಿದಿರಲಿಲ್ಲ.

ಲೇಥಿನವರ ಹತ್ತಿರ ಅಳತೆ ಕೊಟ್ಟು ಗಟ್ಟಿ ಉಕ್ಕಿನ ಚಪ್ಪಟೆ ಪಟ್ಟಿ ಮಾಡಿಸಿದೆ. ನಾಲ್ಕೂ ಬೋಲ್ಟ್ ಬಿಗಿದು, ಒಂದೊಂದನ್ನೇ ಸಡಿಲಿಸಿ ಯಾವ ಕಾಲಾದರೂ ಏಳುತ್ತದೆಯೇ ನೋಡಿದೆ. ಏಳಲಿಲ್ಲ. ಮತ್ತೆ ದಾರ ಹಿಡಿದೆ. ಮೋಟರನ್ನು ಮುಂದೆ ಸರಿಸಿ ಹೊಸ ಬೆಲ್ಟನ್ನು ಬರಿಗೈಯಲ್ಲಿ ಹಾಕಿ, ಹಿಂದೆ ಎಳೆದು ಬಿಗಿ ಮಾಡಿದೆ. ಬಿಗಿಗೂ ಲೆಕ್ಕವಿದೆ. ಎರಡು ಪುಲ್ಲಿಗಳ ನಡುವೆ ಬೆಲ್ಟ್ ಎಷ್ಟು ಉದ್ದವಿದೆಯೋ ಅದರ 64ನೆಯ ಒಂದು ಭಾಗದಷ್ಟು ಹೆಬ್ಬೆರಳಿನ ಒತ್ತಿಗೆ ಬಾಗಬೇಕು. ನಮ್ಮಲ್ಲಿ ಅದು ಸುಮಾರು 9 ಮಿಲಿಮೀಟರ್. ಹೊಸ ಬೆಲ್ಟ್ ಓಡಿದಂತೆ ಗಾಡಿಯಲ್ಲಿ ಕೂತು ಸ್ವಲ್ಪ ಸಡಿಲಾಗುತ್ತದೆ. ಅದಕ್ಕೆ ಮರುದಿನ ಇನ್ನೊಮ್ಮೆ ಬಿಗಿದೆ. ಕಡೆಗೆ ಜಾಳಿಗೆಗೆ ನಾಲ್ಕೂ ಬೋಲ್ಟ್ ಹಾಕಿದೆ.

ಇಷ್ಟು ಮಾಡುವುದು ಸುಲಭವಿತ್ತು. ಮಾಮಾನಿಗೆ ಹೇಳುವುದೇ ಕಷ್ಟ. ಬೆಲ್ಟ್ ಈಗ ಸರಿ ಓಡುತ್ತಿದೆ, ತಗಡಿನ ಸಂಗತಿ ನನಗೂ ಕಾಕಾನಿಗೂ ಮಾತ್ರ ಗೊತ್ತು, ಅವರು ಯಾರಿಗೂ ಹೇಳುವವರಲ್ಲ. ಎರಡು ದಿನ ಸುಮ್ಮನಿದ್ದೆ ಎಂಬುದನ್ನೂ ಇಲ್ಲಿ ಬರೆಯಲೇಬೇಕು. ಮೂರನೆಯ ದಿನ ಕಾಕಾ ಬುಟ್ಟಿ ಎತ್ತುವಾಗ ಕೈಯ ಬಾಸುಂಡೆ ಕಾಣಿಸಿತು, ಹಳದಿ ಹುಡಿ ಮೆತ್ತಿಕೊಂಡು.

ಆ ಸಂಜೆ ಊಟಕ್ಕೆ ಕೂತಾಗ ತಗಡಿನ ಚೂರನ್ನು ಮಾಮಾನ ಮುಂದೆ ಇಟ್ಟೆ. "ಮಾಮಾ, ತಪ್ಪ ಕಾಕಾಂದಲ್ಲ, ನಂದ ಐತಿ. ಎರಡನೇ ಬೆಲ್ಟ್ ನಾ ಮೀಟಿ ಹಾಕಿದ್ದಕ್ಕ ಹರೀತು" ಅಂದೆ. ಮಾಮಾ ಚೂರನ್ನು ತಿರುಗಿಸಿ ನೋಡಿದರು, ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಗಾರ ಮುರದಾಂವ ನಾನಲ್ಲೋ" ಅಂದರು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಮಾಮಾ ದುಡ್ಡು ಕೊಟ್ಟರು. ನಾನು, "ತಪ್ಪಾತ್ರಿ ಕಾಕಾ, ನಿಮ್ಮ ಮಾತ ಕೇಳಬೇಕಿತ್ತು" ಅಂದೆ. ಅವರು ದುಡ್ಡು ಎಣಿಸದೆ ಕಿಸೆಗೆ ಹಾಕಿಕೊಂಡರು. "ಅವತ್ತ ಹೇಳಿದ್ನಲ್ಲಾ, ಸಪ್ಪಳ ಬ್ಯಾರೆ ಬರತೈತಿ ಅಂತ" ಅಂದು ಬುಟ್ಟಿ ಎತ್ತಿಕೊಂಡರು. ಅವರ ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ.

ನಾಲ್ಕನೆಯ ಬೆಲ್ಟ್ ಹಂಗಾಮು ಮುಗಿಯುವವರೆಗೂ ಓಡಿತು, ಈಗಲೂ ಅದೇ ಇದೆ. ಮಿತ್ರರೇ, ನಿಮ್ಮ ಮನೆಯ ಯಂತ್ರದ ಬೆಲ್ಟ್ ಎರಡನೆಯ ಸಲ ಹರಿದರೆ ಮೂರನೆಯದನ್ನು ತರಲು ಅಂಗಡಿಗೆ ಓಡಬೇಡಿ. ಹರಿದದ್ದನ್ನು ಎದುರಿಗೆ ಇಟ್ಟುಕೊಂಡು ಕೂಡಿ. ಯಂತ್ರದ ಪಕ್ಕದಲ್ಲಿ ದಿನವಿಡೀ ನಿಲ್ಲುವವರನ್ನು ಕೇಳಿ. ನಾನು ಈಗ ಶೆಡ್ಡಿಗೆ ಹೋದರೆ ಪಾನಾ ಮುಟ್ಟುವ ಮೊದಲು ಕೇಳುವುದು ಒಂದೇ ಮಾತು: "ಕಾಕಾ, ಸಪ್ಪಳ ಹೆಂಗ ಐತಿ?"