ಈ ಕಾಗದ ಬರೆದವರು ಯಾರು?

ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ. ಸಿಂಧನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕುಳಿತಿದ್ದೆ. ಮಸ್ಕಿ ಕಡೆಯ ಹಳ್ಳಿಯೊಂದರಿಂದ ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ. ಇಲ್ಲಿಯ ಹಾಸ್ಟೆಲಿನಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದವಳು. ಒಳ್ಳೆಯ ಅಂಕ ಬಂದಿತ್ತು. ‘ಪಿಯುಸಿಗೆ ವಿಜ್ಞಾನವನ್ನೇ ತಗೋ’ ಎಂದು ಒತ್ತಾಯ ಮಾಡಿದ್ದವನು ನಾನೇ. ಆ ಪಿಯುಸಿಯೂ ಈಗ ಮುಗಿದಿತ್ತು. ಆದರೆ ನೀಟ್ ಪರೀಕ್ಷೆಯ ಅಂಕಗಳು ಡಾಕ್ಟರ್ ಸೀಟಿನ ಹತ್ತಿರಕ್ಕೂ ಹೋಗಿರಲಿಲ್ಲ.

ತಂದೆ ಕುಳಿತುಕೊಳ್ಳುವ ಮೊದಲೇ ಒಂದು ಪ್ಲಾಸ್ಟಿಕ್ ಕವರು ತೆಗೆದು ನನ್ನ ಮುಂದಿಟ್ಟರು. ಒಳಗೆ ಮಡಿಕೆ ಬೀಳದಂತೆ ಇಟ್ಟ ಒಂದು ಹಾಳೆ. ನಮ್ಮ ಭಾಗದ ಪ್ರತಿಯೊಬ್ಬ ಪಾಲಕರಿಗೂ ಗೊತ್ತಿರುವ 371(ಜೆ) ಪ್ರಮಾಣಪತ್ರ. ಸಿಂಧನೂರಿನವರಾಗಲಿ, ಮಸ್ಕಿಯವರಾಗಲಿ, ಇದಕ್ಕೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಸಹಿ ಬೇಕು. ಫಲಿತಾಂಶದ ದಿನಗಳಲ್ಲಿ ಆ ಕಡೆ ಹೋಗುವ ಬಸ್ಸುಗಳಲ್ಲಿ ಇಂಥ ಕವರು ಹಿಡಿದವರೇ ಹೆಚ್ಚು.

“ಸರ್, ಈ ಕಾಗದ ಐತಿ. ಇನ್ನೊಂದು ವರ್ಷ ಕೋಚಿಂಗ್ ಹಾಕಿದ್ರ ಸೀಟು ಸಿಗತೈತಿ ಅಂತಾರ. ಎರಡು ಎಕರೆ ಹೊಲ ಅಡ ಇಡ್ತೀನಿ. ಈಕಿ ಮಾತ್ರ ವಕೀಲಿಕಿ ಓದ್ತೀನಿ ಅಂತ ಹಟ ಹಿಡದಾಳ. ನೀವರ ಬುದ್ಧಿ ಹೇಳ್ರಿ.”

ನಾನು ನನ್ನ ಎಂದಿನ ಉಪದೇಶ ಶುರು ಮಾಡಿದೆ. ಕೋರ್ಟಿನ ಕೆಲಸ ಕಷ್ಟ, ಗಳಿಕೆಗೆ ವರ್ಷಗಟ್ಟಲೆ ಕಾಯಬೇಕು, ಸರಕಾರ ಕೊಟ್ಟ ಸವಲತ್ತನ್ನು ಕಳೆದುಕೊಳ್ಳಬಾರದು ಎಂದೆ. ಹುಡುಗಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಕೊನೆಗೆ ಮೆಲ್ಲಗೆ, “ಸರ್, ಒಂದು ಕೇಳ್ಲೇನ್ರಿ? ಈ ಕಾಗದ ಬರದವರು ಯಾರ್ರೀ? ಡಾಕ್ಟರ್ರೇನು?” ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಚಹಾ ಬಂತು. ಚಹಾ ಕುಡಿಯುವ ನೆಪದಲ್ಲಿ ನಾನು ಸುಮ್ಮನಾದೆ.

ಅವರು ಹೋದ ಮೇಲೂ ಆ ಪ್ರಶ್ನೆ ಹೋಗಲಿಲ್ಲ. ಬಿ.ಎಸ್ಸಿ., ಬಿ.ಇಡಿ. ಮಾಡಿ ಇಷ್ಟು ವರ್ಷ ಮಕ್ಕಳಿಗೆ ಕಾರಣ ಮತ್ತು ಪರಿಣಾಮದ ಪಾಠ ಹೇಳಿದವನು ನಾನು. ಈ ಕಾಗದವೆಂಬ ಪರಿಣಾಮಕ್ಕೆ ಕಾರಣವೇನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಹುಡುಕುತ್ತ ಹೋದಂತೆ ಒಂದು ದೊಡ್ಡ ಕಥೆಯೇ ತೆರೆದುಕೊಂಡಿತು. ಅದರಲ್ಲಿ ಮತ್ತೆ ಮತ್ತೆ ಎದುರಾದ ಹೆಸರು ಕಲಬುರಗಿಯ ವಕೀಲ ಮಲ್ಲಿಕಾರ್ಜುನ ಖರ್ಗೆಯವರದು. ಅವರು ನಮ್ಮ ಕ್ಷೇತ್ರದವರಲ್ಲ, ನಾನು ಅವರಿಗೆ ಮತ ಹಾಕಿದವನೂ ಅಲ್ಲ. ಪಕ್ಷದ ಮಾತನ್ನು ಪಕ್ಕಕ್ಕಿಟ್ಟು, ಒಬ್ಬ ವಕೀಲ ರಾಜಕಾರಣಕ್ಕೆ ಹೋದರೆ ಏನಾಗಬಹುದು ಎಂಬುದಕ್ಕೆ ಅವರ ಬದುಕನ್ನು ಇಲ್ಲಿ ಹೇಳುತ್ತಿದ್ದೇನೆ.

ಖರ್ಗೆಯವರು ಹುಟ್ಟಿದ್ದು 1942ರ ಜುಲೈ 21ರಂದು, ಬೀದರ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳೂ ಅದೇ ಸಂಸ್ಥಾನಕ್ಕೆ ಸೇರಿದ್ದವು. 1948ರಲ್ಲಿ ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿದ್ದು ತಾಯಿ ತೀರಿಕೊಂಡರು. ತಂದೆ ಉಳಿದ ಮಗನನ್ನು ಕರೆದುಕೊಂಡು ಕಲಬುರಗಿ ಸೇರಿದರು. ದಲಿತ ಕುಟುಂಬ, ಕೈಯಲ್ಲಿ ಏನೂ ಇಲ್ಲ. ಹುಡುಗ ನೂತನ ವಿದ್ಯಾಲಯದಲ್ಲಿ ಓದಿದ, ಸರಕಾರಿ ಕಾಲೇಜಿನಲ್ಲಿ ಬಿ.ಎ. ಮಾಡಿದ, ಅದೇ ಊರಿನ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ವಕೀಲಿಕೆಯ ಪದವಿ ಪಡೆದ.

ಕಿರಿಯ ವಕೀಲರಾಗಿ ಅವರು ಸೇರಿದ್ದು ಶಿವರಾಜ ಪಾಟೀಲರ ಕಚೇರಿಯನ್ನು. ನಮ್ಮ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಶಿವರಾಜ ಪಾಟೀಲರೇ ಇವರು. ಖರ್ಗೆಯವರ ಕೈಗೆ ಬಂದ ಮೊಕದ್ದಮೆಗಳಲ್ಲಿ ಕಾರ್ಮಿಕರವು ಬಹಳ. 1969ರಲ್ಲಿ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ನೌಕರರ ಸಂಘಕ್ಕೆ ಕಾನೂನು ಸಲಹೆಗಾರರಾದರು. ಅದೇ ವರ್ಷ ಕಾಂಗ್ರೆಸ್ ಸೇರಿ ನಗರ ಘಟಕದ ಅಧ್ಯಕ್ಷರಾದರು. ಮೂರು ವರ್ಷಕ್ಕೆ, 1972ರಲ್ಲಿ, ಗುರುಮಠಕಲ್ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಅಲ್ಲಿಂದ 2004ರವರೆಗೆ ಆ ಒಂದೇ ಕ್ಷೇತ್ರದಿಂದ ಎಂಟು ಸಲ ಗೆದ್ದರು. 2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆಯಾಯಿತು. ನಮ್ಮಲ್ಲಿ ಮಸ್ಕಿ ಹೊಸ ಕ್ಷೇತ್ರವಾಗಿ ಹುಟ್ಟಿದ್ದು, ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲಾದದ್ದು ಆಗಲೇ. ಮೀಸಲಾಗಿದ್ದ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು. ಖರ್ಗೆಯವರು ಚಿತ್ತಾಪುರದಲ್ಲಿ ನಿಂತು ಒಂಬತ್ತನೆಯ ಸಲ ಗೆದ್ದರು.

ನಡುವೆ ದೇವರಾಜ ಅರಸು, ಗುಂಡೂರಾವ್, ಬಂಗಾರಪ್ಪ, ಮೊಯಿಲಿ, ಎಸ್.ಎಂ. ಕೃಷ್ಣ, ಧರ್ಮಸಿಂಗ್ ಇವರೆಲ್ಲರ ಸಂಪುಟಗಳಲ್ಲಿ ಮಂತ್ರಿ. ಗ್ರಾಮೀಣಾಭಿವೃದ್ಧಿ, ಕಂದಾಯ, ಕೈಗಾರಿಕೆ, ಗೃಹ, ಜಲಸಂಪನ್ಮೂಲ ಖಾತೆಗಳನ್ನು ನೋಡಿಕೊಂಡರು. 2000ದಲ್ಲಿ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಗೃಹಮಂತ್ರಿಯಾಗಿದ್ದವರೂ ಇವರೇ. ಆದರೆ ಮುಖ್ಯಮಂತ್ರಿಯ ಪಟ್ಟ ಮಾತ್ರ, ಹೆಸರು ಕೇಳಿಬಂದಾಗಲೆಲ್ಲ, ಕೈತಪ್ಪುತ್ತಲೇ ಹೋಯಿತು.

ಈ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಒಂದು ಸಣ್ಣ ಖಾತೆಯ ಮೇಲೆ. 1976ರಲ್ಲಿ ಅವರು ಪ್ರಾಥಮಿಕ ಶಿಕ್ಷಣದ ರಾಜ್ಯಮಂತ್ರಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆಂದು ಇದ್ದೂ ತುಂಬದೆ ಉಳಿದಿದ್ದ ಸಾವಿರಾರು ಶಿಕ್ಷಕರ ಹುದ್ದೆಗಳನ್ನು ಆ ಕಾಲದಲ್ಲಿ ನೇರ ನೇಮಕದಿಂದ ತುಂಬಲಾಯಿತು. ಹೊಸ ಕಾನೂನೇನೂ ಬೇಕಾಗಿರಲಿಲ್ಲ. ಕಾಗದದ ಮೇಲೆ ಇದ್ದದ್ದನ್ನು ಓದಿ ಜಾರಿ ಮಾಡುವವರು ಬೇಕಾಗಿತ್ತು, ಅಷ್ಟೆ. ಸುಮಾರು ಅದೇ ವರ್ಷಗಳಲ್ಲಿ ನಮ್ಮ ಹಳ್ಳಿಯ ಶಾಲೆಗೆ ಒಬ್ಬ ದಲಿತ ಮಾಸ್ತರರು ಬಂದರು. ಊರಲ್ಲಿ ಅವರಿಗೆ ಬಾಡಿಗೆಗೆ ಮನೆ ಸಿಗಲಿಲ್ಲ. ದಿನಾಲೂ ಸೈಕಲ್ಲಿನ ಮೇಲೆ ಬಂದು ಹೋಗುತ್ತಿದ್ದರು. ಭೂತಗನ್ನಡಿಯಿಂದ ಬಿಸಿಲನ್ನು ಒಂದು ಬಿಂದುವಿಗೆ ತಂದು ಹತ್ತಿಗೆ ಹೊಗೆ ಬರಿಸಿ ನನಗೆ ಮೊದಲ ವಿಜ್ಞಾನ ತೋರಿಸಿದವರು ಅವರೇ. ಅವರು ಬಾರದಿದ್ದರೆ ನಾನು ವಿಜ್ಞಾನದ ಮಾಸ್ತರನಾಗುತ್ತಿದ್ದೆನೋ ಇಲ್ಲವೋ!

ಈಗ ಆ ಕಾಗದದ ಕಥೆಗೆ ಬರೋಣ. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಭಾಷೆಯ ಆಧಾರದ ಮೇಲೆ ಮೂರು ಪಾಲು ಮಾಡಿದರು. ತೆಲಂಗಾಣ ಆಂಧ್ರಕ್ಕೆ ಹೋಯಿತು, ಮರಾಠವಾಡಾ ಅಂದಿನ ಮುಂಬಯಿ ರಾಜ್ಯಕ್ಕೆ ಹೋಯಿತು. ಬೀದರ, ಕಲಬುರಗಿ, ರಾಯಚೂರು ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಮೂವರೂ ಒಂದೇ ಬಡಮನೆಯ ಮಕ್ಕಳು. ಮರಾಠವಾಡಾಕ್ಕೆ ಸಂವಿಧಾನದ 371ನೇ ವಿಧಿಯಲ್ಲಿ ಆಸರೆ ಸಿಕ್ಕಿತು. ತೆಲಂಗಾಣವಿದ್ದ ಆಂಧ್ರಕ್ಕೆ 1973ರ ತಿದ್ದುಪಡಿಯಿಂದ 371(ಡಿ) ಬಂತು. ನಮಗೆ ಏನೂ ಬರಲಿಲ್ಲ. ಇದರ ಫಲ 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಕಣ್ಣಿಗೆ ಹೊಡೆಯುವಂತಿದೆ. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ.

‘ನಮಗೂ ಕೊಡಿ’ ಎಂಬ ಕೂಗು ಹಳೆಯದು. ವೈಜನಾಥ ಪಾಟೀಲರಂಥವರು ಇದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದರು. ಕೇಂದ್ರ ಒಮ್ಮೆ ಆಗದೆಂದು ಹೇಳಿಯೂ ಬಿಟ್ಟಿತ್ತು. 2009ರಲ್ಲಿ ಖರ್ಗೆಯವರು ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದಲ್ಲಿ ಕಾರ್ಮಿಕ ಮಂತ್ರಿಯಾದರು. ಮಸೂದೆ ಹೊರಡಿಸಲು ಅವರು, ಧರ್ಮಸಿಂಗ್ ಮತ್ತಿತರರು ಒಳಗಿನಿಂದ ಪಟ್ಟು ಹಿಡಿದರು. 2012ರ ಡಿಸೆಂಬರಿನಲ್ಲಿ ಸಂಸತ್ತಿನ ಎರಡೂ ಸದನಗಳು ಸಂವಿಧಾನದ 98ನೇ ತಿದ್ದುಪಡಿಯನ್ನು ಒಪ್ಪಿದವು. ಆಳುವ ಪಕ್ಷದವರೂ ವಿರೋಧ ಪಕ್ಷದವರೂ ಕೂಡಿಯೇ ಕೈ ಎತ್ತಿದರು. 2013ರ ಜನವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದೇ ವರ್ಷ ರಾಜ್ಯ ಸರಕಾರ ಹೊರಡಿಸಿದ ಆದೇಶಗಳಿಂದ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ನಮ್ಮ ಮಕ್ಕಳಿಗೆ ಮೀಸಲಾದವು. ಉದ್ಯೋಗದಲ್ಲಿಯೂ ಪಾಲು ಸಿಕ್ಕಿತು.

ಅದಕ್ಕಿಂತ ಮೊದಲು, ಜಾಣ ಹುಡುಗನೊಬ್ಬ ಸ್ವಲ್ಪದರಲ್ಲಿ ಸೀಟು ತಪ್ಪಿ ನನ್ನ ಮುಂದೆಯೇ ಕಣ್ಣೀರು ಹಾಕಿದ್ದ. ಆಮೇಲಿನ ವರ್ಷಗಳಲ್ಲಿ ಅವನಷ್ಟೇ ಜಾಣರಾದ ನನ್ನ ಹಲವು ವಿದ್ಯಾರ್ಥಿಗಳು ವೈದ್ಯರಾಗಿದ್ದಾರೆ. ಅವರ ಬುದ್ಧಿ ಹೆಚ್ಚಾಗಿರಲಿಲ್ಲ, ನನ್ನ ಪಾಠವೂ ಬದಲಾಗಿರಲಿಲ್ಲ. ಬದಲಾದದ್ದು ಸಂವಿಧಾನದ ಒಂದು ಪುಟ.

ಇದೆಲ್ಲ ಒಬ್ಬರೇ ಮಾಡಿದ್ದೆಂದು ಹೇಳಿದರೆ ತಪ್ಪಾಗುತ್ತದೆ. ಬೀದಿಯ ಹೋರಾಟವಿಲ್ಲದೆ ಸದನದೊಳಗಿನ ಮಾತು ನಡೆಯುತ್ತಿರಲಿಲ್ಲ. ಎಂಟು ಸಲ ಗೆಲ್ಲಿಸಿದ ಗುರುಮಠಕಲ್ ಏಕೆ ಹಿಂದೆ ಉಳಿಯಿತು ಎಂದು ಟೀಕಾಕಾರರು ಕೇಳುತ್ತ ಬಂದಿದ್ದಾರೆ. ಅದು ಕೇಳಲೇಬೇಕಾದ ಪ್ರಶ್ನೆ. 2019ರ ಲೋಕಸಭಾ ಚುನಾವಣೆಯಲ್ಲಿ ಕಲಬುರಗಿಯ ಮತದಾರರು ಅವರನ್ನು ಸೋಲಿಸಿಯೂ ಇದ್ದಾರೆ. ಮುಂದೆ ಅವರು 2020ರಲ್ಲಿ ರಾಜ್ಯಸಭೆ ಸೇರಿ, 2022ರ ಅಕ್ಟೋಬರಿನಲ್ಲಿ ತಮ್ಮ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾದದ್ದು ಬೇರೆ ಮಾತು. ಮೀಸಲು ಸೀಟು ಬಂದ ಮಾತ್ರಕ್ಕೆ ನಮ್ಮ ಶಾಲೆಗಳು ಸುಧಾರಿಸಿವೆ ಎಂದು ನಾನಂತೂ ಹೇಳಲಾರೆ. ಆ ಪಾಲು ನನ್ನಂಥ ಮಾಸ್ತರರದು.

ಆದರೂ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅನ್ಯಾಯವಾದಾಗ ಅಳುವವರು ಬಹಳ, ಸಿಟ್ಟಾಗುವವರೂ ಬಹಳ. ಆ ಸಿಟ್ಟನ್ನು ಇನ್ನೊಬ್ಬರು ಅಳಿಸಲಾಗದ ವಾಕ್ಯವನ್ನಾಗಿ ಬರೆಯಬಲ್ಲವರು ಕೆಲವರೇ. ಕಾನೂನು ಕಲಿಸುವುದು ಇದನ್ನು. ನಮ್ಮ ಭಾಗದಿಂದ ಮುಖ್ಯಮಂತ್ರಿಗಳಾದ ವೀರೇಂದ್ರ ಪಾಟೀಲ, ಧರ್ಮಸಿಂಗ್ ಇಬ್ಬರೂ ಕಾನೂನು ಓದಿದವರೇ. ಬರೆದದ್ದರ ಬಲ ಎಷ್ಟೆಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಅದು ಬೆಳಕಿಗೆ ಬಂದಾಗ ಅದರಲ್ಲಿದ್ದ ಹೆಸರಿನಿಂದಲೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೆಂದು ಜಗತ್ತಿಗೆ ಖಚಿತವಾಯಿತು. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಧರ್ಮದಲ್ಲಿ ನಡೆದರೆ ಎತ್ತರಕ್ಕೆ ಏರಬಲ್ಲನೆಂಬ ಅರ್ಥದ ಮಾತು ಆ ಶಾಸನದಲ್ಲಿದೆ. ಎರಡು ಸಾವಿರ ವರ್ಷ ಕಳೆದರೂ ಅದನ್ನು ಯಾರೂ ಇಲ್ಲವೆನ್ನಲಾರರು. ಏಕೆಂದರೆ ಅದು ಬರೆದಿಟ್ಟದ್ದು.

ಮರುವಾರ ನಾನೇ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಹುಡುಗಿಯ ಮುಂದೆಯೇ ನನ್ನ ತಪ್ಪು ಒಪ್ಪಿಕೊಂಡೆ. ತಂದೆಗೆ ತಿಳಿಸಿ ಹೇಳಿದೆ: ಪಿಯುಸಿ ಆದವರು ಐದು ವರ್ಷದಲ್ಲಿ ಕಾನೂನು ಪದವಿ ಪಡೆಯಬಹುದು, ಬೇರೆ ಪದವಿ ಮುಗಿಸಿದವರಿಗೆ ಮೂರು ವರ್ಷದ ಕೋರ್ಸು ಇದೆ, ಹುಬ್ಬಳ್ಳಿಯಲ್ಲಿ ಇದಕ್ಕೆಂದೇ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ, ಹೊಲ ಅಡ ಇಡುವ ಪ್ರಸಂಗ ಬರುವುದಿಲ್ಲ. ಅವರು ಬಹಳ ಹೊತ್ತು ಮಾತಾಡಲಿಲ್ಲ. “ಕರೀ ಕೋಟು ಹಾಕ್ಕೊಂಡು ಕೋರ್ಟಿಗೆ ಹೋಗೋ ಹುಡುಗಿಗೆ ಗಂಡು ಎಲ್ಲಿಂದ ಹುಡುಕ್ಲಿರಿ?” ಎಂದರು. ಒಳಗಿನಿಂದ ತಾಯಿ, “ಬಿಳೀ ಕೋಟಿಗೆ ಸಿಗೋ ಗಂಡು ಕರೀ ಕೋಟಿಗೂ ಸಿಗತಾನ ಬಿಡ್ರಿ” ಎಂದರು. ಮಾತು ಅಲ್ಲಿಗೆ ಮುಗಿಯಿತು.

ಹುಡುಗಿ ಈಗ ಕಲಬುರಗಿಯಲ್ಲಿ ಕಾನೂನು ಓದುತ್ತಿದ್ದಾಳೆ. ಈ ಯುಗಾದಿಗೆ ಊರಿಗೆ ಬಂದವಳು ತಂದೆಯ ಜೊತೆ ನಮ್ಮ ಮನೆಗೂ ಬಂದಿದ್ದಳು. ಚೀಲದಿಂದ ಸಂವಿಧಾನದ ಪುಸ್ತಕ ತೆಗೆದು, ಗುರುತಿಗೆ ಬೇವಿನ ಎಸಳು ಇಟ್ಟಿದ್ದ ಪುಟ ತೆರೆದು, “ಓದ್ರಿ ಸರ್” ಎಂದಳು. 371(ಜೆ). ಎಷ್ಟು ಮಕ್ಕಳ ಅರ್ಜಿಯ ಮೇಲೆ ಆ ಸಂಖ್ಯೆಯನ್ನು ನಾನೇ ಬರೆದಿದ್ದೆನೋ! ಆ ವಿಧಿಯನ್ನು ಓದಿದ್ದು ಅದೇ ಮೊದಲು. ಚಷ್ಮಾ ಹಾಕಿಕೊಂಡು ನಿಧಾನವಾಗಿ ಓದಿ, ಅರ್ಥ ಬಿಡಿಸಿ ತಂದೆಗೆ ಹೇಳಿದೆ. ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಆ ಪುಟದ ಮೇಲೆ ಬೆರಳಾಡಿಸಿದರು.

“ಇಷ್ಟ ಐತೇನ್ರಿ?” ಎಂದರು.

“ಇಷ್ಟೇರಿ” ಎಂದೆ.