ಒಂದು ಟೇಪಿನ ನಡುವೆ

ಸೊಲ್ಲಾಪುರದಲ್ಲಿಯೇ ಹುಟ್ಟಿ ಬೆಳೆದ ನಾವು ಅಣ್ಣತಮ್ಮಂದಿರಿಬ್ಬರು ಜೊತೆಯಾಗಿ ಕುಳಿತು ಸಿನಿಮಾ ನೋಡಿ ಎಷ್ಟೋ ವರ್ಷಗಳು ಕಳೆದಿದ್ದವು. 2008ರಲ್ಲಿ, ಪುಣೆಯ ಕಾಲೇಜೊಂದರಲ್ಲಿ ಓದುತ್ತಿದ್ದ ನಮ್ಮ ಮನೆಯ ಹುಡುಗ, ನಮ್ಮಲ್ಲಿ ಹಿರಿಯನ ಮಗ, ಹಟ ಹಿಡಿದು ನಮ್ಮನ್ನು ಅಲ್ಲಿಯ ಚಿತ್ರಮಂದಿರಕ್ಕೆ ಕರೆದೊಯ್ದ. ಚಿತ್ರದ ಹೆಸರು ‘ಕ್ಲೋವರ್‌ಫೀಲ್ಡ್’. ದೈತ್ಯ ಪ್ರಾಣಿಯೊಂದು ನ್ಯೂಯಾರ್ಕ್ ನಗರವನ್ನು ಧ್ವಂಸ ಮಾಡುವ ಕಥೆ ಎಂದಷ್ಟೇ ಹೇಳಿದ್ದ. ನಲವತ್ತು ದಾಟಿದ ನಮಗೆ ಈ ಮಕ್ಕಳಾಟವೇಕೆ ಎಂದುಕೊಂಡೇ ಒಳಹೊಕ್ಕೆವು.

ಮ್ಯಾಟ್ ರೀವ್ಸ್ ನಿರ್ದೇಶಿಸಿದ ಈ ಚಿತ್ರ ತನ್ನನ್ನು ಸಿನಿಮಾ ಎಂದು ಒಪ್ಪಿಕೊಳ್ಳುವುದೇ ಇಲ್ಲ. ಒಂದು ಕಾಲಕ್ಕೆ ಸೆಂಟ್ರಲ್ ಪಾರ್ಕ್ ಎನಿಸಿಕೊಂಡಿದ್ದ ಸ್ಥಳದಲ್ಲಿ ಸೈನ್ಯಕ್ಕೆ ದೊರೆತ ಕ್ಯಾಮೆರಾವೊಂದರಲ್ಲಿ ಇದ್ದದ್ದು ಇದು, ಇದ್ದಂತೆಯೇ ನೋಡಿ, ಎಂಬ ಧಾಟಿಯಲ್ಲಿ ಆರಂಭವಾಗುತ್ತದೆ. ಬೀಳ್ಕೊಡುಗೆಯ ಕೂಟವನ್ನು ಚಿತ್ರೀಕರಿಸುತ್ತಿದ್ದ ಹಡ್ ಎಂಬ ಹುಡುಗನ ಕೈಯಲ್ಲಿ ಕ್ಯಾಮೆರಾ ಇರುವಾಗಲೇ ನಗರ ನಡುಗುತ್ತದೆ. ಅಲ್ಲಿಂದ ಅವನು ಓಡಿದರೆ ನಾವೂ ಓಡಬೇಕು, ಅವನು ಎಡವಿದರೆ ನಾವೂ ಬೀಳಬೇಕು. ಹಿನ್ನೆಲೆ ಸಂಗೀತವೆಂಬುದು ಕೊನೆಯ ಹೆಸರುಗಳು ಬರುವವರೆಗೂ ಇಲ್ಲ. ಪರದೆಯ ಅಲುಗಾಟಕ್ಕೆ ತಲೆ ಸುತ್ತೀತೆಂದು ಅಮೆರಿಕೆಯ ಚಿತ್ರಮಂದಿರಗಳಲ್ಲಿ ಎಚ್ಚರಿಕೆಯ ಫಲಕ ತೂಗುಹಾಕಿದ್ದರಂತೆ. ನಮ್ಮಲ್ಲೊಬ್ಬನಿಗೆ ಹೊಟ್ಟೆ ತೊಳೆಸಿ ಕಣ್ಣು ಮುಚ್ಚಿ ಕುಳಿತಿದ್ದ. ಕೇವಲ 85 ನಿಮಿಷಗಳ, ಎಲ್ಲಿಯೂ ಉಸಿರು ಬಿಡದ ಈ ಚಿತ್ರಕ್ಕೂ ನಮ್ಮವರು ಮಧ್ಯಂತರ ಕೊಟ್ಟರು. ನಗರ ಉರಿಯುತ್ತಿರಲು ದೀಪ ಹತ್ತಿ ಸಮೋಸ ಬಂತು. ಹೊಟ್ಟೆ ತೊಳೆಸಿದವನೂ ತಿಂದ.

ಆ ಪ್ರಾಣಿಯನ್ನು ಬಹಳ ಹೊತ್ತು ಪೂರ್ತಿಯಾಗಿ ತೋರಿಸುವುದೇ ಇಲ್ಲ. ಕಟ್ಟಡಗಳ ಸಂದಿಯಲ್ಲಿ ಒಂದು ಕಾಲು, ಹೊಗೆಯಲ್ಲಿ ಒಂದು ಬೆನ್ನು. ಸ್ವಾತಂತ್ರ್ಯದೇವಿಯ ಪ್ರತಿಮೆಯ ರುಂಡ ಬೀದಿಗೆ ಬಂದು ಬೀಳುತ್ತದೆ. ಕಿತ್ತೆಸೆದ ಕೈ ಕಾಣುವುದಿಲ್ಲ. 1954ರ ಜಪಾನಿನ ‘ಗಾಡ್ಜಿಲಾ’ ಮೈತುಂಬ ಕಾಣಿಸಿಕೊಂಡು ಊರು ತುಳಿಯುತ್ತಿತ್ತು. ಟೋಕಿಯೋದ ಆಟಿಕೆಯ ಅಂಗಡಿಯಲ್ಲಿ ಅದರ ಗೊಂಬೆಗಳನ್ನು ಕಂಡೇ ನಿರ್ಮಾಪಕ ಜೆ. ಜೆ. ಏಬ್ರಮ್ಸ್‌ಗೆ ಈ ಚಿತ್ರ ಹೊಳೆದದ್ದಾದರೂ, ಅಂಜಿಸುವ ರೀತಿ ನಮಗೆ ಬೇರೆ ಕಡೆಯಿಂದ ಪರಿಚಿತವೆನಿಸಿತು. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಹೇಳುತ್ತಿದ್ದ ದೆವ್ವದ ಕಥೆಗಳಲ್ಲಿ ದೆವ್ವಕ್ಕೆ ಮುಖವಿರುತ್ತಿರಲಿಲ್ಲ. “ಹುಣಸಿಗಿಡದ ಬುಡಕ ಏನೋ ಕುಂತಿತ್ತು” ಎಂದು ನಿಲ್ಲಿಸಿ ಅಡಕೆ ಕತ್ತರಿಸತೊಡಗುತ್ತಿದ್ದಳು.

ಆದರೆ ಆ ದಿನ ನಮ್ಮ ಕೈಕಾಲು ತಣ್ಣಗಾದದ್ದು ದೈತ್ಯನಿಂದಲ್ಲ. ಹಡ್ ಹಿಡಿದಿದ್ದ ಕ್ಯಾಮೆರಾದಲ್ಲಿ ಮೊದಲೇ ಬೇರೊಂದು ದಿನವಿತ್ತು. ಅವನ ಗೆಳೆಯ ರಾಬ್, ಬೆತ್ ಎಂಬ ಹುಡುಗಿಯೊಡನೆ ಕೋನಿ ಐಲೆಂಡಿಗೆ ಹೋಗಿ ನಕ್ಕು ನಲಿದ ಏಪ್ರಿಲಿನ ಒಂದು ದಿನ. ತಿಳಿಯದೆ ಹಡ್ ಅದರ ಮೇಲೆಯೇ ಮುದ್ರಿಸುತ್ತ ಹೋಗಿದ್ದಾನೆ. ಅವನು ನಿಲ್ಲಿಸಿದ ಎಡೆಗಳಲ್ಲಿ ಕೆಲವು ಕ್ಷಣ ಆ ಬಿಸಿಲು ಇಣುಕಿ ಮಾಯವಾಗುತ್ತದೆ. ಎರಡನೆಯ ಬಾರಿ ಅದು ಇಣುಕಿದಾಗ ಕತ್ತಲೆಯಲ್ಲಿ ನಮ್ಮಲ್ಲೊಬ್ಬ ಮತ್ತೊಬ್ಬನ ಮಣಿಕಟ್ಟು ಹಿಡಿದ. “ಕಾಕಾ, ಅಂಜಿದ್ರೇನ?” ಎಂದು ಹುಡುಗ ನಕ್ಕ.

1980ರಲ್ಲಿ ಅಪ್ಪ ಗಿರಣಿಯ ಬೋನಸ್ಸಿನ ಹಣದಿಂದ ಟೇಪ್ ರೆಕಾರ್ಡರ್ ತಂದಿದ್ದ. ಆಯಿಯನ್ನು ಕೂರಿಸಿಕೊಂಡು ಅವಳ ಬೀಸುವ ಹಾಡುಗಳನ್ನೂ ತೊಟ್ಟಿಲ ಹಾಡುಗಳನ್ನೂ ಒಂದು ಕ್ಯಾಸೆಟ್ಟಿಗೆ ತುಂಬಿಸಿದ. ಮರಾಠಿ ಶಾಲೆಗೆ ಹೋಗುತ್ತಿದ್ದ ನಮಗೆ ಆ ಹಾಡುಗಳ ಅರ್ಧ ಮಾತು ತಿಳಿಯುತ್ತಿರಲಿಲ್ಲ. ತಿಳಿಸಿಕೊಳ್ಳುವ ಮನಸ್ಸೂ ಇರಲಿಲ್ಲವೆನ್ನಿ. ಅಳಿಸಿಹೋಗದಿರಲೆಂದು ಅಪ್ಪ ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದಿಟ್ಟ. 1982ರಲ್ಲಿ ಆಯಿ ತೀರಿಕೊಂಡಳು. 1983ರ ಜೂನ್ 25ರಂದು, ಲಾರ್ಡ್ಸ್‌ನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಭಾರತ 183ಕ್ಕೆ ಮುಗಿದಿತ್ತು. ವೆಸ್ಟ್ ಇಂಡೀಸಿನ ವಿಕೆಟ್ಟುಗಳು ಉರುಳತೊಡಗಿದಾಗ ರೇಡಿಯೋ ವಿವರಣೆಯನ್ನು ಮುದ್ರಿಸಬೇಕೆನಿಸಿತು; ಮನೆಯಲ್ಲಿ ಖಾಲಿ ಕ್ಯಾಸೆಟ್ಟಿರಲಿಲ್ಲ. ಮುರಿದ ಚಕ್ಕೆಯ ತೂತಿಗೆ ಕಾಗದ ಮಡಚಿ ತುರುಕಿದೆವು. ಗುಂಡಿ ಒತ್ತಿದ ಬೆರಳು ಯಾರದೆಂದು ಇಲ್ಲಿಯೂ ಬರೆಯಲಾರೆವು.

ಮುಂದೊಂದು ಪುಣ್ಯತಿಥಿಯ ದಿನ ಅಪ್ಪ ಆ ಕ್ಯಾಸೆಟ್ಟು ಕೇಳಿದ. ಟೇಪು ಸಿಕ್ಕಿಕೊಂಡು ಹರಿಯಿತೆಂದೆವು. “ಹೋಗ್ಲಿ ಬಿಡ್ರೋ” ಎಂದ. ಮತ್ತೆಂದೂ ಕೇಳಲಿಲ್ಲ. ಈಗ ಕೇಳಲು ಅವನೂ ಇಲ್ಲ.

ಚಿತ್ರ ಮುಗಿದ ರಾತ್ರಿ ಹುಡುಗನಿಗೆ ಇದನ್ನೆಲ್ಲ ಹೇಳಿದೆವು. ಮುಂದಿನ ರಜೆಯಲ್ಲಿ ಅವನು ಟ್ರಂಕು ಹುಡುಕಿ ಕ್ಯಾಸೆಟ್ಟು ತೆಗೆದ, ಯಾರದೋ ಮನೆಯಿಂದ ಹಳೆಯ ಟೇಪ್ ರೆಕಾರ್ಡರ್ ತಂದ. ಒಂದು ಬದಿಯ ಪೂರ್ತಿ ಗದ್ದಲ, ಕರಕರ, ಚಪ್ಪಾಳೆ. ನಾವು ಅಂದು ನಿಲ್ಲಿಸಿ ಟೇಪನ್ನು ತುಸು ಮುಂದೋಡಿಸಿದ್ದ ಒಂದೇ ಒಂದು ಎಡೆಯಲ್ಲಿ, ಹಾಡಲ್ಲ, ಹಾಡು ಅರ್ಧಕ್ಕೆ ಬಿಟ್ಟು ಒಳಗೆ ಕೂಗಿ ಹೇಳಿದ ಆಯಿಯ ದನಿ: “ಒಲೀ ಮ್ಯಾಲ ಹಾಲದ, ಉಕ್ಕೀತು ನೋಡ್ರೆವ್ವಾ.” ಆಮೇಲೆ ಮತ್ತೆ ಲಾರ್ಡ್ಸ್‌ನ ಗದ್ದಲ.

ಹುಡುಗ ಟೇಪನ್ನು ಹಿಂದಕ್ಕೆ ತಿರುಗಿಸಿದ.