ಮನೆಗೊಂದು ವಾಹನ

ವಸ್ತುವಿನ ಗುಣವನ್ನು ಬಿಟ್ಟು ಅದರ ಹೆಸರಿಗೆ ಮರುಳಾಗುವುದು ಲೋಕದ ರೂಢಿ. ಮೋಟಾರು ವಾಹನಗಳ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ಸಂಸಾರಕ್ಕೆ ಒದಗುವ ವಾಹನಗಳಲ್ಲಿ ಎರಡು ಜಾತಿ: ಒಳಗಿನ ಅವಕಾಶವನ್ನೇ ಮುಖ್ಯವಾಗಿಟ್ಟು ಕಟ್ಟಿದ ಮಿನಿವ್ಯಾನ್ ಒಂದು, ನೆಲದಿಂದ ಎತ್ತರವಾಗಿ ನಿಲ್ಲುವ ಎಸ್‌ಯುವಿ ಇನ್ನೊಂದು. ಇವುಗಳ ಮೇರೆಯಾದರೂ ಖಚಿತವಾದುದಲ್ಲ. 2023ರಲ್ಲಿ ಸರಕು ಮತ್ತು ಸೇವಾ ತೆರಿಗೆ ಮಂಡಳಿಯು, ಹೆಸರು ಏನೇ ಇರಲಿ, ನಾಲ್ಕು ಮೀಟರಿಗೆ ಮೀರಿದ ಉದ್ದ, 1500 ಸಿಸಿಗೆ ಮೀರಿದ ಎಂಜಿನು, ನೆಲಕ್ಕೂ ತಳಕ್ಕೂ ನಡುವೆ 170 ಮಿಲಿಮೀಟರಿಗೆ ಕಡಮೆಯಿಲ್ಲದ ಅಂತರ, ಇವನ್ನೇ ಹೆಚ್ಚಿನ ತೆರಿಗೆಗೆ ಲಕ್ಷಣವಾಗಿ ಹಿಡಿದಿತ್ತು. ಹೆಸರನ್ನು ಬಿಟ್ಟು ಅಳತೆಯನ್ನು ಹಿಡಿಯುವ ಈ ವಿವೇಕ ಗೃಹಸ್ಥನಿಗೂ ಬೇಕಾದುದೇ.

ಶಿವಮೊಗ್ಗದ ಗೃಹಸ್ಥರೊಬ್ಬರ ಮನೆಯಲ್ಲಿ ಈ ಚರ್ಚೆ ಕೆಲವು ದಿನ ನಡೆಯಿತು. ಎಂಬತ್ತು ದಾಟಿದ ತಾಯಿ, ದಂಪತಿಗಳು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಒಟ್ಟು ಏಳು ಮಂದಿ. ಮಗನಿಗೆ ಎಸ್‌ಯುವಿಯ ಮೇಲೆ ಮನಸ್ಸು; ತಂದೆಗೆ ಅದು ಬರಿಯ ಆಡಂಬರವೆಂಬ ಶಂಕೆ. ತಗ್ಗಾದ ಹೊಸ್ತಿಲು, ಅಗಲವಾದ ಬಾಗಿಲು, ಮೂರನೆಯ ಸಾಲಿನಲ್ಲಿಯೂ ಕಾಲು ಚಾಚುವಷ್ಟು ಸ್ಥಳ, ಇವೆಲ್ಲ ಮಂಡಿನೋವಿನ ಮುದುಕಿಗೆ ಅನುಕೂಲವಾದುವು. ಎಲ್ಲವೂ ಮಿನಿವ್ಯಾನಿನ ಪಕ್ಷದಲ್ಲಿದ್ದುವು. ತಂದೆಯ ವಾದವೇ ಗೆದ್ದಂತಿತ್ತು.

ಆದರೆ ಅವರ ಮೂಲಮನೆಯಿರುವುದು ಆಗುಂಬೆಯ ಸಮೀಪದಲ್ಲಿ. ಟಾರು ರಸ್ತೆಯನ್ನು ಬಿಟ್ಟಮೇಲೆ ಅರ್ಧ ಮೈಲಿ ಮಣ್ಣಿನ ಏರು; ಮಳೆಗಾಲದಲ್ಲಿ ಅದರ ತುಂಬ ಕೊರಕಲು. ಹಿಂದಿನ ವರ್ಷ ಶ್ರಾವಣದಲ್ಲಿ ಬಾಡಿಗೆಗೆ ತಂದ ಮಿನಿವ್ಯಾನ್ ಏಳು ಜನರ ಭಾರಕ್ಕೆ ಹಿಂದೆ ಕುಸಿದು, ದಿಣ್ಣೆಯೊಂದಕ್ಕೆ ಹೊಟ್ಟೆ ತಾಗಿಸಿ ನಿಂತುಬಿಟ್ಟಿತು. ಗಾಲಿಗಳ ನಡುವಣ ಅಂತರ ಉದ್ದವಾದಷ್ಟೂ ದಿಣ್ಣೆಯ ನೆತ್ತಿ ತಳಕ್ಕೆ ಬೇಗ ತಗಲುತ್ತದೆ. ಮುಂದಿನ ಗಾಲಿಗಳೇ ಎಳೆಯುವ ವಾಹನವಾದರೆ, ಏರಿನಲ್ಲಿ ಭಾರವು ಹಿಂದಕ್ಕೆ ಸರಿದು ಗಾಲಿಗಳು ಕೆಸರಿನಲ್ಲಿ ಸುಮ್ಮನೆ ತಿರುಗುತ್ತವೆ. ಕೊನೆಗೆ ತಾಯಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ನಾಲ್ವರು ಹೊತ್ತು ಮೇಲಕ್ಕೆ ತಂದರು. ದಾರಿಯಲ್ಲಿ ಆಕೆ ಒಂದು ಮಾತನ್ನೂ ಆಡಲಿಲ್ಲ.

ಚರ್ಚೆ ಮುಗಿಯುವ ಹೊತ್ತಿಗೆ ಆಕೆ ಮಗನನ್ನು ಹತ್ತಿರ ಕರೆದು ಹೇಳಿದರು: “ಹತ್ತುವಾಗ ಮಂಡಿ ನೋಯುವುದು ಒಂದು ಗಳಿಗೆ, ಮಗಾ. ನಾಲ್ಕು ಜನ ಹೊರುವುದು ಕೊನೆಯ ದಿನಕ್ಕೆ ಇರಲಿ. ಸೊಸೆಯಾಗಿ ನಡೆದುಬಂದ ಅಂಗಳಕ್ಕೆ ನಾನು ನನ್ನ ಕಾಲಲ್ಲೇ ಇಳಿಯಬೇಕು.”

ಆಮೇಲೆ ವಾದ ನಡೆಯಲಿಲ್ಲ. ನಾಲ್ಕು ಗಾಲಿಗಳಿಗೂ ಬಲ ಹರಿಯುವ ಏಳು ಆಸನದ ಎಸ್‌ಯುವಿಯೊಂದು ಮನೆಗೆ ಬಂದಿತು. ಅದರಲ್ಲಿ ದೋಷಗಳೂ ಉಂಟು. ಹಿಂದಿನ ಸಾಲು ಮಕ್ಕಳಿಗಷ್ಟೇ ಸಾಲುತ್ತದೆ. ಏಳು ಜನ ಕುಳಿತರೆ ಗಂಟುಮೂಟೆಗಳು ಮಾಡಿನ ಮೇಲೇರಬೇಕು. ಎಣ್ಣೆಯ ಖರ್ಚೂ ಹೆಚ್ಚು. ಗೃಹಸ್ಥರು ಇವನ್ನೆಲ್ಲ ಬಲ್ಲವರಾಗಿಯೇ ಒಪ್ಪಿದರು. ಹೊಸ್ತಿಲಿನ ಎತ್ತರವನ್ನು ಅಳೆದು, ಅದರ ಅರ್ಧಕ್ಕೆ ಸರಿಯಾಗಿ ಹಲಸಿನ ಮರದ ಮಣೆಯೊಂದನ್ನು ಬಡಗಿಯಿಂದ ಮಾಡಿಸಿದರು.

ಮರುವರ್ಷದ ಶ್ರಾವಣದಲ್ಲಿ ವಾಹನವು ಮೆಲ್ಲಗೆ ಏರನ್ನು ಹತ್ತಿ ಅಂಗಳದಲ್ಲಿ ನಿಂತಿತು. ಮೊಮ್ಮಗ ಮಣೆಯನ್ನಿಟ್ಟನು. ತಾಯಿ ಅವನ ಹೆಗಲನ್ನು ಹಿಡಿದು ಕೆಳಗಿಳಿದು, ಒದ್ದೆಯಾದ ನೆಲವನ್ನು ಒಮ್ಮೆ ನೋಡಿ, ತುಳಸಿಯ ಕಟ್ಟೆಯ ಕಡೆಗೆ ನಡೆದರು.